ತೋಡಿನ ಕರೆಂಟು

ಕರಿಕೆಯ ಬೊಳ್ಳಪ್ಪನವರ ತೋಟದ ಮೇಲಿನ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಸರಕಾರದ ಸಹಾಯಧನದಲ್ಲಿ ಒಂದು ಪುಟ್ಟ ವಿದ್ಯುತ್ ಯಂತ್ರ ಬಂದಿತ್ತು. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ನೀರು ಅದರ ಚಕ್ರ ತಿರುಗಿಸಿ ಮನೆಗೆ ಬೆಳಕು ಕೊಡಬೇಕು. ಕೊಟ್ಟದ್ದು ಎರಡೇ ಮಳೆಗಾಲ. ಆಮೇಲೆ ಬೇರಿಂಗ್ ಸವೆದು ನಿಂತಿತು. ಮಾರಿದವರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಬೊಳ್ಳಪ್ಪ ಅದರ ಮೇಲೊಂದು ಗೋಣಿಚೀಲ ಹೊದೆಸಿ ಆಸೆ ಬಿಟ್ಟರು.

ಕೆಳಗಿನ ಮನೆಯ ಸೊಸೆ ತುಳಸಿ ಮಾತ್ರ ಬಿಟ್ಟಿರಲಿಲ್ಲ. ಮದುವೆಗೆ ಮುಂಚೆ ಮಡಿಕೇರಿಯಲ್ಲಿ ಐ.ಟಿ.ಐ. ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿದವಳು. ಈಗ ಆ ವಿದ್ಯೆಯೆಲ್ಲ ನೆರೆಹೊರೆಯವರ ಮಿಕ್ಸಿ, ಪಂಪು ರಿಪೇರಿಗೆ ಬಂದು ನಿಂತಿತ್ತು. ಒಮ್ಮೆ ಯಂತ್ರ ಬಿಚ್ಚಿಯೂ ನೋಡಿದ್ದಳು. ಬಿಡಿಭಾಗ ಎಲ್ಲಿ ಸಿಗುತ್ತದೆಂದು ತಿಳಿಯದೆ ಮತ್ತೆ ಮುಚ್ಚಿಟ್ಟಿದ್ದಳು.

ಅಷ್ಟರಲ್ಲಿ ಆ ಸಹಾಯಧನದ ಯೋಜನೆಯನ್ನು ಹೊಸದಾಗಿ ರೂಪಿಸಬೇಕೆಂದು, ಹಳೆಯ ಯಂತ್ರಗಳ ಸ್ಥಿತಿ ನೋಡಲು ದೀಕ್ಷಿತ್ ಎಂಬ ಎಂಜಿನಿಯರ್ ಬಂದರು. ಫೋಟೋ ಹೊಡೆದುಕೊಂಡು ಹೊರಟುಬಿಡುವ ಪೈಕಿಯಲ್ಲ. ಜಗಲಿಯಲ್ಲಿ ಕೂತು ಒಂದೊಂದಾಗಿ ವಿಚಾರಿಸಿದರು. ಬೊಳ್ಳಪ್ಪ ಸಿಟ್ಟಿನಲ್ಲಿ, ಅದನ್ನು ಹೊತ್ತುಕೊಂಡು ಹೋದರೆ ಉಪಕಾರವಾದೀತು ಅಂದರು. ತುಳಸಿ ಸಂಕೋಚ ಬಿಟ್ಟು ನಡುವೆ ಬಾಯಿ ಹಾಕಿದಳು.

"ಯಂತ್ರದ್ದು ಎಂತ ತಪ್ಪಿಲ್ಲ ಸಾರ್. ಕೊಡುವಾಗ ಕೊಟ್ರಿ, ಕೆಟ್ರೆ ಯಾರನ್ನ ಕರೀಬೇಕು ಅಂತ ಹೇಳ್ಲಿಲ್ಲ. ಊರಲ್ಲೇ ಒಬ್ರಿಗೆ ಕಲ್ಸಿದ್ರೆ ಇದು ಇವತ್ತೂ ತಿರುಗ್ತಿತ್ತು."

"ನೀವು ಕಲೀತೀರಾ?"

ಆ ಪ್ರಶ್ನೆ ಅವಳು ನಿರೀಕ್ಷಿಸಿರಲಿಲ್ಲ. ಆದರೂ ಹೂಂ ಅಂದಳು.

ದೀಕ್ಷಿತ್ ಮೇಲಿನವರೊಂದಿಗೆ ಸಾಕಷ್ಟು ವಾದ ಮಾಡಬೇಕಾಯಿತಂತೆ. ಕೊನೆಗೆ ನಿಯಮ ಬದಲಾಯಿತು. ಯಂತ್ರ ಒಂದು ವರ್ಷ ಓಡಿದ ಮೇಲೆಯೇ ಮಾರಿದವರಿಗೆ ಪೂರ್ತಿ ಹಣ, ಬಿಡಿಭಾಗ ಮಡಿಕೇರಿಯಲ್ಲೇ ಸಿಗಬೇಕು, ಆಯಾ ಊರಿನವರೊಬ್ಬರಿಗೆ ತರಬೇತಿ ಕೊಟ್ಟು ರಿಪೇರಿಯ ಸಂಬಳ ಯೋಜನೆಯಿಂದಲೇ ಕೊಡಬೇಕು. ತರಬೇತಿ ಮುಗಿಸಿ ಬಂದ ತುಳಸಿ ಮೊದಲು ತೆಗೆದದ್ದು ಬೊಳ್ಳಪ್ಪನವರ ಗೋಣಿಚೀಲವನ್ನೇ.

ಯಂತ್ರ ತಿರುಗಿತು. ಆದರೆ ಅಷ್ಟರಲ್ಲಿ ಬೊಳ್ಳಪ್ಪ ತೋಡು ಹುಟ್ಟುವ ಜಾಗದ ಕಾಡುಮರಗಳನ್ನು ಕಡಿಸಿ ರಬ್ಬರ್ ಹಾಕಲು ತೀರ್ಮಾನಿಸಿಯಾಗಿತ್ತು. ಮರ ಹೋದರೆ ತೋಡು ಬೇಗ ಬತ್ತುತ್ತದೆಂದು ತುಳಸಿ ಹೇಳಿನೋಡಿದಳು.

"ನಾಲ್ಕು ಬಲ್ಬ್ ಉರೀಲಿಕ್ಕೆ ನಾನು ಗುಡ್ಡ ಬಿಡ್ಬೇಕಾ ಮಗಳೇ?" ಅಂದರು ಬೊಳ್ಳಪ್ಪ.

ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಜಡಿಮಳೆಯ ಆಟಿ ತಿಂಗಳಲ್ಲಿ ತೋಟದ ಜಾಯಿಕಾಯಿ ಒಡೆಯತೊಡಗಿತು. ಬಿಸಿಲಿನ ಸುಳಿವಿಲ್ಲ. ಬೊಳ್ಳಪ್ಪನವರ ಹೆಂಡತಿ ಯಮುನ ಪ್ರತಿವರ್ಷದಂತೆ ಬೀಜದ ಮೇಲಿನ ಕೆಂಪು ಜಾಪತ್ರೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿದರು. ರಾಶಿ ಸೌದೆ ಸುಟ್ಟರೂ ಅದು ಹೊಗೆ ಕುಡಿದು ಕಪ್ಪಾಗಿ, ಪಾಣತ್ತೂರಿನ ವ್ಯಾಪಾರಿ ಮೂಗು ಮುರಿಯುತ್ತಿದ್ದ. ಯಮುನ ಅವರ ಪಕ್ಕ ಕೂತು ಜಾಪತ್ರೆ ಬಿಡಿಸುತ್ತಿದ್ದ ತುಳಸಿಗೆ ಥಟ್ಟನೆ ಹೊಳೆಯಿತು. ಮಳೆಗಾಲದಲ್ಲಿ ಯಂತ್ರ ಹಗಲೂ ತಿರುಗುತ್ತದೆ, ಹಗಲಿಗೆ ಬಲ್ಬ್ ಬೇಡ. ಆ ಕರೆಂಟೆಲ್ಲ ಸುಮ್ಮನೆ ಹೋಗುತ್ತಿದೆ.

ದೀಕ್ಷಿತ್‌ಗೆ ಫೋನು ಮಾಡಿದಳು. ಅವರು ವಿಜ್ಞಾನಿಯೊಬ್ಬರನ್ನು ಕೇಳಿ, ಹೀಟರ್ ಮತ್ತು ಫ್ಯಾನಿರುವ ಒಂದು ಒಣಗಿಸುವ ಪೆಟ್ಟಿಗೆ ತಂದುಕೊಟ್ಟರು. ಮೊದಲ ಸಲ ಬಿಸಿ ಹೆಚ್ಚಾಗಿ ಜಾಪತ್ರೆ ಸೀದುಹೋಯಿತು. ಯಮುನ ಅದನ್ನು ಗೊಬ್ಬರದ ಗುಂಡಿಗೆ ಸುರಿದದ್ದನ್ನು ಕಂಡು ತುಳಸಿಗೆ ಅಳುವೇ ಬಂತು. ಮಾರನೆಯ ದಿನ ಅವರೇ ಇನ್ನೊಂದು ಬುಟ್ಟಿ ತಂದಿಟ್ಟು, ಬಿಸಿ ಕಡಿಮೆ ಮಾಡಿ ನೋಡು ಅಂದರು. ಈ ಸಲ ತಟ್ಟೆ ಎಳೆದಾಗ ಜಾಪತ್ರೆ ಕೆಂಪಗೆ, ಗರಿಗರಿಯಾಗಿತ್ತು. ವ್ಯಾಪಾರಿ ಮರುಮಾತಿಲ್ಲದೆ ಒಳ್ಳೆಯ ದರಕ್ಕೆ ಕೊಂಡ.

ಬೊಳ್ಳಪ್ಪ ಆ ದುಡ್ಡನ್ನು ಎರಡು ಸಲ ಎಣಿಸಿ, ಪೆಟ್ಟಿಗೆಯ ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡಿದರು. ಮಳೆ ಬಿಟ್ಟು ಮರದ ಕಂಟ್ರಾಕ್ಟರ್ ಬಂದಾಗ, ಕೆಳಗಿನ ಇಳಿಜಾರನ್ನಷ್ಟೇ ತೋರಿಸಿದರು. ಅವನು ತೋಡಿನ ತಲೆಯ ಮರಗಳ ಮಾತೆತ್ತಿದ್ದಕ್ಕೆ, "ಅದು ನಮ್ಮ ಕರೆಂಟು. ಮುಟ್ಟೂದು ಬೇಡ" ಅಂದರು. ಆ ಬೇಸಿಗೆಯಲ್ಲೂ ತೋಡು ಸೊರಗಿ ಯಂತ್ರ ಕೆಲಕಾಲ ನಿಂತಿತು. ಆದರೆ ಹೊಸ ಮಳೆಗೆ ಮತ್ತೆ ತಿರುಗಿತು. ಆಚೀಚೆಯ ಮನೆಯವರೂ ಯಂತ್ರ ಬೇಕೆಂದು ಕೇಳಿಕೊಂಡು ಬಂದರು.

ಯೋಜನೆಯ ಬಗ್ಗೆ ಮಡಿಕೇರಿಯಲ್ಲಿ ಸಭೆ ಕರೆದಾಗ ದೀಕ್ಷಿತ್ ತುಳಸಿಯನ್ನೂ ಬರಹೇಳಿದರು. ಬರೀ ಯಂತ್ರಕ್ಕಲ್ಲ, ಒಣಗಿಸುವ ಪೆಟ್ಟಿಗೆಗೂ ಸಹಾಯಧನ ಬೇಕು, ಕರೆಂಟು ದುಡಿಮೆಗೆ ಒದಗಿದರೆ ಜನ ತೋಡನ್ನು ತಾವೇ ಕಾಯುತ್ತಾರೆ ಎಂದು ಅವಳು ತಡವರಿಸುತ್ತಲೇ ಹೇಳಿದಳು. ಯಮುನ ಕೊಟ್ಟು ಕಳಿಸಿದ್ದ ಜಾಪತ್ರೆ ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಪೆಟ್ಟಿಗೆ ಯೋಜನೆಗೆ ಸೇರಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ಆದರೆ ಸೇರಿತು.