ಒಂದೇ ಸಲ ಕೇಳುವವನು

ಬೇಡ ಎಂದವರನ್ನು ಎರಡನೇ ಸಲ ಕೇಳಬಾರದು. ಹೋಟೆಲ್ ಕೆಲಸದಲ್ಲಿ ನಾನು ಕಲಿತ ವಿದ್ಯೆಯನ್ನೆಲ್ಲ ಹಿಂಡಿದರೆ ಉಳಿಯುವುದು ಇದೊಂದೇ. ಹಲಸೂರಿನ ನಮ್ಮ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಹೋಟೆಲೊಂದರಲ್ಲಿ ಟ್ರೇನಿಂಗ್ ಕೊಟ್ಟವರು ಹೇಳಿಕೊಟ್ಟರು. ಗೆಸ್ಟ್ ಬೇಡ ಎಂದ ಮೇಲೂ ಕೇಳಿದರೆ ಅದು ಪೀಡಿಸಿದ ಹಾಗೆ ಎಂದರು. ನಾನು ನಂಬಿದೆ. ಕೊರಳಿಗೆ ಬೋ ಕಟ್ಟಿಕೊಂಡ ಮೇಲೆ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ.

2003ರಲ್ಲಿ ನಾನು ಇಂದಿರಾನಗರದ ನೂರಡಿ ರಸ್ತೆಯ ರೆಸ್ಟೋರೆಂಟೊಂದರಲ್ಲಿ ಕ್ಯಾಪ್ಟನ್, ಎಂದರೆ ಬಡಿಸುವವರ ಮುಖ್ಯಸ್ಥ, ಆಗಿದ್ದೆ. ಯಾರೋ ನಿವೃತ್ತ ಮಿಲಿಟರಿಯವರ ಬಂಗಲೆ ಅದು. ಬಾಗಿಲಲ್ಲಿ ಹಿತ್ತಾಳೆ ಉರುಳಿ, ಅದರ ನೀರಿನಲ್ಲಿ ಸೇವಂತಿಗೆ, ಒಳಗೆ ತಂಪು ಗಾಳಿ, ಮದುವೆ ಆಲ್ಬಮ್ಮಿನಷ್ಟು ದಪ್ಪದ ಮೆನು. ದೇಶದ ಮೂಲೆಮೂಲೆಯ ಮನೆ ಅಡುಗೆ ನಮ್ಮಲ್ಲಿ ಸಿಗುತ್ತದೆ ಎಂದು ಅದರ ಮೊದಲ ಪುಟದಲ್ಲೇ ಬರೆದಿತ್ತು. ಮನೆ ಅಡುಗೆ ತಿನ್ನಲು ಜನ ಮನೆ ಬಿಟ್ಟು ಕಾರಿನಲ್ಲಿ ಬರುತ್ತಿದ್ದರು.

ಮಾಲಕಿ ಜಯಮಾಲಾ ಮೇಡಂ ಅವರದು ಒಂದು ಶಾಸನವಿತ್ತು. ಹೊಸ ಅಡುಗೆ ಮೆನುವಿಗೆ ಸೇರುವ ಮುಂಚೆ ಅದನ್ನು ಉಂಡೇ ಬೆಳೆದವರೊಬ್ಬರು ಕಿಟಕಿ ಪಕ್ಕದ ನಾಲ್ಕನೇ ಟೇಬಲ್ಲಿನಲ್ಲಿ ಗೆಸ್ಟ್ ಹಾಗೆ ಕೂತು ಉಣ್ಣಬೇಕು. ಹೇಗಿದೆ ಎಂದು ಮೇಡಂ ಕೇಳುತ್ತಿರಲಿಲ್ಲ. ತಟ್ಟೆ ನೋಡುತ್ತಿದ್ದರು. "ಬಾಯಿ ಮರ್ಯಾದೆಗೆ ಸುಳ್ಳು ಹೇಳುತ್ತೆ ಪ್ರೇಮ್‌ಕುಮಾರ್, ತಟ್ಟೆ ಹೇಳಲ್ಲ" ಎನ್ನುತ್ತಿದ್ದರು. ಬಿರಿಯಾನಿಗೆ ಶಿವಾಜಿನಗರದಿಂದ ಫಹ್ಮಿದಾ ಎಂಬ ಅಜ್ಜಿ ಬಂದಿದ್ದರು. ಬಾಯಿ ತುಂಬ ಹೊಗಳಿ ಅರ್ಧ ತಟ್ಟೆ ಬಿಟ್ಟು ಹೋದರು. ಆ ಬಿರಿಯಾನಿ ಮೆನು ಸೇರಲಿಲ್ಲ.

ಆ ವರ್ಷ ಪರೀಕ್ಷೆಗೆ ಕೂತದ್ದು ಜೋಳದ ರೊಟ್ಟಿ. ಅದನ್ನು ಬಡಿಯುತ್ತಿದ್ದವಳು ಪೀರಮ್ಮ, ಚಿತ್ತಾಪುರದ ಕಡೆಯವಳು. ನಮ್ಮ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುವಾಗ ಬಾಂಡ್ಲಿಯಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಮಧ್ಯಾಹ್ನ ಮೂರು ಕಲ್ಲಿಟ್ಟು ರೊಟ್ಟಿ ಸುಡುತ್ತಿದ್ದುದನ್ನು ಕಂಪೌಂಡಿನಾಚೆಯಿಂದ ನೋಡಿದ ಮೇಡಂ ಒಂದು ಚೂರು ತಿಂದು ನೋಡಿ, ಮೂರು ತಿಂಗಳ ಮಟ್ಟಿಗೆ ಅಡುಗೆಮನೆಗೆ ಕರೆದುಕೊಂಡರು. ರೊಟ್ಟಿ ಊಟ ಮೆನು ಸೇರಿದರೆ ಅವಳ ಕೆಲಸ ಖಾಯಂ. ಇಲ್ಲವಾದರೆ ಮತ್ತೆ ಬಾಂಡ್ಲಿ. "ಈಗ ಕುತ್ತಿಗಿ ಸೀದಾ ನಿಂತದ್ರಿ ಸಾಹೇಬ್ರ" ಎಂದು ಒಮ್ಮೆ ನನಗೆ ಹೇಳಿದ್ದಳು. ನಾನು ತಲೆಯಾಡಿಸಿ ನ್ಯಾಪ್ಕಿನ್ ಮಡಿಸುತ್ತಾ ಹೋಗಿದ್ದೆ.

ಮೂರು ತಿಂಗಳು ಮುಗಿಯುತ್ತಾ ಬಂತು, ಉಣ್ಣಲು ಯಾರನ್ನು ಕರೆಯುವುದು? ಗಂಡ ಬೇಡ, ಅವನು ಹೆಂಡತಿಯ ಕೆಲಸಕ್ಕಾಗಿ ಹೊಟ್ಟೆ ಬಿರಿಯುವ ಹಾಗೆ ತಿಂದಾನು ಎಂದರು ಮೇಡಂ. ಕೊನೆಗೆ ಗಂಡನ ಅಣ್ಣ ಅಂಬಣ್ಣ ಎಂದಾಯಿತು. ಕೆ.ಆರ್. ಪುರದಲ್ಲಿ ಗಾರೆ ಮೇಸ್ತ್ರಿ. ಯಾರನ್ನೂ ಹೊಗಳಿದವನಲ್ಲವಂತೆ, ಅದೇ ಅವನ ಅರ್ಹತೆ. ಪೀರಮ್ಮನ ಮುಖ ಮಾತ್ರ ಸಣ್ಣಗಾಯಿತು. ಅವರ ಕಡೆ ಭಾವನ ಎದುರು ತಮ್ಮನ ಹೆಂಡತಿ ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. "ನಾ ಬಡೀತೀನ್ರಿ, ಹಾಕೋದು ನಿಮ್ಮ ಕೈಯಾಗದ" ಎಂದಳು. ಬಡಿಸುವುದನ್ನು ನನಗೆ ಹೇಳಿಕೊಡಲು ಬಂದಳಲ್ಲ ಎಂದು ನಕ್ಕೆ.

ಸೋಮವಾರ ಮಧ್ಯಾಹ್ನ ಅಂಬಣ್ಣ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಕಾಲೊರಸಿನ ಮೇಲೆ ಕಾಲನ್ನು ನಾಲ್ಕು ಸಲ ಉಜ್ಜಿ, ಕುರ್ಚಿಯ ತುದಿಯಲ್ಲಿ ಕೂತರು. ಬೇರೆ ಎರಡು ಟೇಬಲ್ಲಿನಲ್ಲಿ ಆಫೀಸಿನವರಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಈರುಳ್ಳಿ. ಅವರು ತಲೆ ತಗ್ಗಿಸಿ ಉಂಡರು. ಒಂದು ಚೂರು ಬಿಡಲಿಲ್ಲ.

"ಇನ್ನೊಂದು ರೊಟ್ಟಿ ತರ್ಲಾ ಸರ್?"

"ಸಾಕ್ರಿ."

ನಾನು ಬಲಗಡೆಯಿಂದ ಬಾಗಿ ತಟ್ಟೆ ಎತ್ತಿದೆ. ಟ್ರೇನಿಂಗ್ ಕೊಟ್ಟವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ತಟ್ಟೆ ಇದ್ದ ಜಾಗದ ಮೇಲೆ ಅಂಬಣ್ಣನವರ ಎಂಜಲು ಕೈ ಹಾಗೇ ಉಳಿಯಿತು. ಟಿಶ್ಯೂ ಹುಡುಕುತ್ತಿದ್ದಾರೆ ಎಂದುಕೊಂಡೆ.

ಅಡುಗೆಮನೆ ಬಾಗಿಲ ಬಳಿ ಮೇಡಂ ಕೇಳಿದರು, "ಒಂದೇನಾ?"

"ಒಂದೇ ಮೇಡಂ."

"ಅಷ್ಟು ದುಡಿಯೋ ಮನುಷ್ಯ ಒಂದೇ ತಿಂದ್ರೆ ಏನರ್ಥ? ಬಿಡಿ, ಈ ಐಟಂ ಬೇಡ. ಆ ಯಮ್ಮಂಗೆ ನೀವೇ ಹೇಳ್ಬಿಡಿ. ಬೇಜಾರು ಮಾಡ್ಕೊಳ್ಳದ ಹಾಗೆ."

ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಪೀರಮ್ಮ ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದಳು.

"ತಾಟ್ ಯಾಕ ತಂದ್ರಿ?"

"ಸಾಕು ಅಂದ್ರಮ್ಮ."

"ಎಷ್ಟ್ ಸಲ ಕೇಳಿದ್ರಿ?"

"ಒಂದ್ ಸಲ."

"ಒಂದ್ ಸಲ ಕೇಳಿದ್ರ ಯಾರ್ ಹೂಂ ಅಂತಾರ್ರಿ? ಮಂದಿ ಮನಿಗಿ ಬಂದವ್ರಿಗಿ ನಾಚ್ಕಿ ಇರಲ್ಲೇನು? ಮೂರ್ ಸಲ ಬ್ಯಾಡ ಅನ್ನಬೇಕು, ನಾಕನೇದಕ್ಕ ಉಣಬೇಕು. ನೀವು ತಾಟೇ ಕಸ್ಗೊಂಡ್ ಬಂದೀರಲ್ರಿ!"

ನನಗೆ ಸಿಟ್ಟು ಬಂತು. ಇದು ಯಾರ ಮನೆಯೂ ಅಲ್ಲ, ರೆಸ್ಟೋರೆಂಟು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಿಟ್ಟಿನ ಕೈಯಲ್ಲೇ ತಲೆ ಮೇಲೆ ಸೆರಗೆಳೆದುಕೊಂಡು, ರೊಟ್ಟಿಯ ಬುಟ್ಟಿಯನ್ನು ನನ್ನ ಕೈಗಿತ್ತು, ಊಟದ ಹಾಲಿನ ಬಾಗಿಲವರೆಗೆ ಬಂದು ನಿಂತಳು. ಹೊಸ್ತಿಲು ದಾಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಇಡೀ ಹಾಲಿಗೆ ಕೇಳುವ ಹಾಗೆ ನನಗೆ ಹೇಳಿದಳು:

"ಸಾಹೇಬ್ರ, ಹಿರ್ಯಾರು ಒಂದ್ ರೊಟ್ಟಿಗೆ ಎದ್ದು ಹೋದ್ರ ಮಾಡ್ದಾಕಿ ಕೈ ಚಲೋ ಇಲ್ಲ ಅಂದಂಗ್ರಿ. ಅವ್ರು ಬ್ಯಾಡ ಅಂತಾರ. ಅಂದ್ರೂ ಹಾಕ್ರಿ."

ಆಫೀಸಿನವರು ಚಮಚ ಕೆಳಗಿಟ್ಟು ತಿರುಗಿ ನೋಡಿದರು. ಮೇಡಂ ಹಾಕಿ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಬೆವರುತ್ತಾ ಹೊಸ ತಟ್ಟೆ ಇಟ್ಟು ರೊಟ್ಟಿ ಎತ್ತಿದೆ. ಅಂಬಣ್ಣ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಬ್ಯಾಡ್ರಿ, ಬ್ಯಾಡ್ರಿ. ಹೊಟ್ಟಿ ತುಂಬ್ಯಾದ."

ನನ್ನ ಕೈ ತಾನಾಗಿ ಹಿಂದೆ ಬಂತು.

"ಕೈ ಸಂದ್ಯಾಗ ತೂರಸ್ರಿ!" ಎಂದಳು ಪೀರಮ್ಮ ಗೋಡೆಗೆ.

ತೂರಿಸಿದೆ. "ಏನ್ ಜುಲ್ಮಿರಿ ನಿಮ್ದು" ಎನ್ನುತ್ತಲೇ ಅಂಬಣ್ಣ ರೊಟ್ಟಿ ಮುರಿದರು, ಮಾತು ಮುಗಿಯುವ ಮುಂಚೆ ಮೊದಲ ತುತ್ತು ಒಳಗೆ ಹೋಗಿತ್ತು. ಆಮೇಲೆ ಐದು ರೊಟ್ಟಿ ಹಾಕಿದೆ. ಐದಕ್ಕೂ ಬೇಡ ಎಂದರು, ಐದನ್ನೂ ಉಂಡರು. ಎಂಟನೆಯದನ್ನು ಹಾಕಬೇಕೋ ಬಿಡಬೇಕೋ ತಿಳಿಯದೆ ನಿಂತಾಗ ಅವರು ಲೋಟದ ನೀರನ್ನು ಹಿತ್ತಾಳೆ ತಟ್ಟೆಗೇ ಸುರಿದು, ಅದರಲ್ಲೇ ಕೈ ತೊಳೆದರು. ನನ್ನ ಹಿಂದೆ ಶೆಫ್ ಮುನಾವರ್ "ಯಾ ಅಲ್ಲಾ" ಎಂದ.

"ತಾಟಿನ್ಯಾಗ ಕೈ ತೊಳದ್ರಂದ್ರ ಈಗ ಖರೇನೇ ಸಾಕಾತ್ರಿ ಅವ್ರಿಗಿ" ಎಂದು ಪೀರಮ್ಮ ಒಳಗೆ ಹೋದಳು.

ಅಂಬಣ್ಣ ಎದ್ದು, ಮೇಡಂಗೆ ಕೈ ಮುಗಿದು, ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ರೊಟ್ಟಿ ಸ್ವಲ್ಪ ದಪ್ಪ ಆಗ್ಯಾವ."

ಮೇಡಂ ಜೋರಾಗಿ ನಕ್ಕರು. ನಾಳೆಯಿಂದಲೇ ಮೆನುವಿಗೆ ಸೇರಿಸಿ ಎಂದರು. "ನನ್ನ ತಟ್ಟೇನೂ ಮರ್ಯಾದೆಗೆ ಸುಳ್ಳು ಹೇಳ್ತಲ್ಲ ಪ್ರೇಮ್‌ಕುಮಾರ್" ಎಂದು ಬೇರೆ ಸೇರಿಸಿದರು. ತಟ್ಟೆಯ ತಪ್ಪೇನಿತ್ತು, ಎತ್ತಿದವನು ನಾನು. ಅಡುಗೆಮನೆಗೆ ಹೋಗಿ ಖಾಯಂ ಆಯಿತಮ್ಮ ಎಂದೆ. ಪೀರಮ್ಮ ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುತ್ತಾ ಹೇಳಿಕೊಂಡು ತಿರುಗುತ್ತಿದ್ದೆ.

ಮೂರೂವರೆಗೆ ಹಿತ್ತಲಿನಲ್ಲಿ ಸ್ಟಾಫ್ ಊಟ. ಎಲ್ಲರೂ ಸಾಲಾಗಿ ಸ್ಟೀಲ್ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಅಲ್ಲೂ ಬಡಿಸುತ್ತಿದ್ದವನು ನಾನೇ. ನಮ್ಮವರಿಗೂ ಗೆಸ್ಟ್‌ಗಳಷ್ಟೇ ಮರ್ಯಾದೆ ಸಿಗಬೇಕು ಎಂಬ ಹೆಮ್ಮೆ ನನ್ನದು. ಒಂದು ಸಲ ಹಾಕಿ, ಎರಡನೇ ಸುತ್ತಿಗೆ ಬಂದು ಕೇಳುತ್ತಿದ್ದೆ. ಬೇಕು ಎಂದವರಿಗೆ ಹಾಕುತ್ತಿದ್ದೆ. ಬೇಡ ಎಂದವರನ್ನು ಪೀಡಿಸುತ್ತಿರಲಿಲ್ಲ. ಪೀರಮ್ಮ ದಿನವೂ ಸಾಕ್ರಿ ಎನ್ನುತ್ತಿದ್ದಳು. "ಪೀರಮ್ಮಂದು ಗುಬ್ಬಚ್ಚಿ ಹೊಟ್ಟೆ ನೋಡು ಭಾಯ್" ಎಂದು ಮುನಾವರ್ ರೇಗಿಸುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಾ ಎದ್ದು, ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಎರಡು ಚೊಂಬು ನೀರು ಕುಡಿಯುತ್ತಿದ್ದಳು.

ಅವತ್ತೂ ಎರಡನೇ ಸುತ್ತಿಗೆ ಅನ್ನದ ಸೌಟು ಹಿಡಿದು ಅವಳ ಮುಂದೆ ಬಂದೆ.

"ಅನ್ನ, ಪೀರಮ್ಮ?"

"ಸಾಕ್ರಿ ಸಾಹೇಬ್ರ."

ಅಭ್ಯಾಸಬಲದಿಂದ ಮುಂದಿನ ತಟ್ಟೆಗೆ ಒಂದು ಹೆಜ್ಜೆ ಇಟ್ಟೂ ಬಿಟ್ಟೆ. ಅಲ್ಲೇ ನಿಂತೆ. ಮೂರು ತಿಂಗಳು, ವಾರಕ್ಕೆ ಆರು ದಿನ. ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ! ಹಿಂದೆ ತಿರುಗಿದೆ.

"ಒಂದ್ ಸೌಟು ಹಾಕ್ತೀನಿ."

"ಬ್ಯಾಡ್ರಿ, ಸಾಕ್ರಿ."

"ನಾಕನೇ ಸಲಾನೂ ಕೇಳ್ತೀನಮ್ಮ. ನಂಗೆ ಅವಸರ ಇಲ್ಲ."

ಅವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಬೆರಳುಗಳು ಅಗಲವಾಗಿದ್ದವು. ಸಂದಿಯಲ್ಲೇ ಹಾಕಿದೆ. ಮೂರು ಸಲ ಹಾಕಿದೆ, ಪ್ರತಿ ಸಲವೂ ಬೇಡ ಎಂದಳು. ಮುನಾವರ್ ರೇಗಿಸಲು ಬಾಯಿ ತೆರೆದವನು ಅವಳು ಉಣ್ಣುವುದನ್ನು ನೋಡಿ ಸಾರಿನ ಪಾತ್ರೆಯನ್ನು ಅವಳತ್ತ ಸರಿಸಿದ.

ಕೊನೆಗೆ ಪೀರಮ್ಮ ಲೋಟದ ನೀರು ಸುರಿದುಕೊಂಡು ತಟ್ಟೆಯಲ್ಲಿ ಕೈ ತೊಳೆದಳು. ನಮ್ಮ ಹಿತ್ತಲಿನಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.