ಕೂಡದ ಎರಡು ನಾಳ

ಎರಡು ಬಿಳಿ ಗೆರೆ, ಒಂದು ಉದ್ದ, ಒಂದು ಗಿಡ್ಡ, ಕೂಡಲೇ ಇಲ್ಲವಲ್ಲ, ಇನ್ನೊಮ್ಮೆ ನೋಡೋಣ ಎಂದು ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿದಳು, ಇಲ್ಲ, ಕೂಡಿಲ್ಲ, ಗಾಜಿನಾಚೆ ಸ್ಕ್ಯಾನ್ ಯಂತ್ರದೊಳಗೆ ತಮ್ಮ ಮಲಗಿದ್ದಾನೆ, ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿದೆ, ಮೈಕಿನಲ್ಲಿ ಅವಳದೇ ದನಿ, ಉಸಿರು ಬಿಡು, ಹಾಗೇ ತಡೆ — ಹದಿನಾರು ವರ್ಷದಿಂದ ಇದೇ ಕುರ್ಚಿ, ಇಂಥ ಗೆರೆ ಎಷ್ಟು ಮಂದಿಯದು ನೋಡಿಲ್ಲ, ತಾಯಿಯ ಹೊಟ್ಟೆಯಲ್ಲಿ ಎರಡು ತಿಂಗಳೂ ತುಂಬಿರುವುದಿಲ್ಲ, ಮೇದೋಜೀರಕ ಗ್ರಂಥಿ ಎರಡು ಮೊಗ್ಗಾಗಿ ಹುಟ್ಟುತ್ತದೆ, ಮುಂದಿನ ಚಿಕ್ಕದು ಕರುಳನ್ನು ಬಳಸಿ ಬಂದು ಹಿಂದಿನ ದೊಡ್ಡದಕ್ಕೆ ಅಂಟಬೇಕು, ನಾಳಕ್ಕೆ ನಾಳ ಕೂಡಬೇಕು, ಇವನದು ಅಂಟಿತು, ನಾಳ ಮಾತ್ರ ಕೂಡಲಿಲ್ಲ, ಜೀರ್ಣರಸದ ಬಹುಪಾಲು ಉದ್ದ ನಾಳದ ಸಣ್ಣ ಬಾಯಿಯಿಂದಲೇ ತಿಣುಕಿ ತಿಣುಕಿ ಹೊರಬರಬೇಕು, ಹೀಗಿದ್ದೂ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ, ಇವನಿಗೆ ಆಯಿತು, ಐದು ಸಲ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದ, ಆ ಹೊಟ್ಟೆಯ ಡಾಕ್ಟರು, ಥೂ, ಕತ್ತೆತ್ತಿ ಮುಖ ಕೂಡ ನೋಡದೆ, ದಿನಾ ಎಷ್ಟು ಕುಡೀತೀಯಪ್ಪ? ಮುಟ್ಟೋದೇ ಇಲ್ಲ ಸಾರ್. ಎಲ್ಲರೂ ಹಾಗೇ ಅನ್ನೋದು ಬಿಡು. ಬರೆದೇ ಬಿಟ್ಟರು, ಕುಡಿತದಿಂದ ಬಂದ ಊತ ಅಂತ, ಆಮೇಲೆ ಬಂದ ಡಾಕ್ಟರುಗಳೆಲ್ಲ ಕಣ್ಣು ಮುಚ್ಚಿಕೊಂಡು ಅದನ್ನೇ ನಕಲು ಮಾಡಿದರು, ಅವರ ಪೆನ್ನಿಗಿಷ್ಟು ಬೆಂಕಿ ಹಾಕ, ಡ್ರೈವರ್ ಆಗಿದ್ದವನನ್ನು ಡಿಪೋದವರು ಬಸ್ಸಿನಿಂದ ಇಳಿಸಿ ಟಯರ್ ತೊಳೆಯಲು ಹಾಕಿದರು, ಅಪ್ಪ ತಟ್ಟೆ ಸರಿಸಿ ಎದ್ದರು, ಕುಡುಕನ ಜತೆ ಕೂತು ಉಣ್ಣಲ್ಲ ನಾನು, ಅಪ್ಪ ಸತ್ತೂ ಹೋದರು, ಆ ಮಾತು ಹಾಗೇ ಉಳಿಯಿತು.

ಸಿಕ್ಕವರ ಮೇಲೆಲ್ಲ ಕೆಂಡ ಕಾರುತ್ತೀಯಲ್ಲ, ಅವಳು ತನ್ನನ್ನೇ ಜಾಡಿಸಿಕೊಂಡಳು, ನೀನೇನು ಕಡಿಮೆಯೇ, ನಿನಗೆ ಅನ್ನ ಹಾಕುವ ಈ ಯಂತ್ರ ಕಣ್ಣೆದುರೇ ಇತ್ತು, ಒಂದು ದಿನ ಮಲಗಿಸಿ ನೋಡೋಣ ಅನ್ನಿಸಲಿಲ್ಲ, ಕುಡಿಯೋದು ಬಿಟ್ಟರೆ ಸಾಕು, ಸ್ಕ್ಯಾನ್ ಯಾಕೆ ಎಂದವಳು ನೀನೇ, ದಿನಾ ಸಂಜೆ ಹೊಸಿಲಲ್ಲೇ ತಡೆದು, ಎಲ್ಲಿ, ಬಾಯಿ ತೆಗಿ, ಉಸಿರು ಬಿಡು, ಮೀಸೆಯಲ್ಲಿ ನರೆ ಇಣುಕಿದ ಗಂಡಸು, ಅಕ್ಕ ಕುಳ್ಳಿ ಅಂತ ತಾನೇ ತಲೆ ಬಾಗಿಸಿ, ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ, ವಾಸನೆ ಬಾರದಿದ್ದರೂ ಬಿಟ್ಟೆಯಾ ನೀನು, ಲವಂಗ ಜಗಿದು ಬಂದಿದ್ದೀಯ, ನಂಗೊತ್ತಿಲ್ವಾ, ಅವನು ಒಂದು ದಿನವೂ ಎದುರಾಡಲಿಲ್ಲ, ಎದುರಾಡಬಾರದಿತ್ತೇನೋ ಮಂಕೇ, ಕೆನ್ನೆಗೆ ಎರಡು ಬಿಡಬಾರದಿತ್ತೇನೋ — ಅಕ್ಕಾ, ಮುಗೀತಾ? ಯಂತ್ರದೊಳಗಿಂದ ಅವನ ದನಿ, ಅವಳು ಮೈಕಿನ ಗುಂಡಿ ಒತ್ತಿದಳು, ನೀನು ಕುಡುಕ ಅಲ್ಲ ಕಣೋ ಅನ್ನಬೇಕು, ನಾಲಿಗೆಯ ತುದಿಗೇ ಬಂದಿದೆ, ಬಾಯಿಂದ ಹೊರಬಿದ್ದದ್ದು, ಉಸಿರು ಬಿಡು, ಅವನು ಬಿಟ್ಟ, ಹೇಳಿದ ಕೂಡಲೇ ಬಿಟ್ಟ, ಹೊಸಿಲಲ್ಲಿ ಬಾಗಿದ ತಲೆ, ಮುಚ್ಚಿದ ಕಣ್ಣು, ತೆರೆದ ಬಾಯಿ, ಬಾಗಿದ ತಲೆ, ತೆರೆದ ಬಾಯಿ