ಆನೆಗೆ ಅಂಕ ಕೊಟ್ಟ ಮಾಸ್ತರರು

ಬಸಂತರಾಯ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಮನಗೂಳಿಯ ಬಸ್‌ಸ್ಟ್ಯಾಂಡಿನಲ್ಲಿ ಎದುರಾದವರನ್ನು ತಡೆದು, “ಹೆಂಗದಿ? ಆರಾಮ ಅದಿ. ಊಟ ಆತು? ಆಗಿರಬೇಕು. ಬಾಗೇವಾಡಿಗೆ ಹೊಂಟಿ? ಹೋಗಿ ಬಾ,” ಎಂದು ಒಂದೇ ಉಸಿರಿನಲ್ಲಿ ಕ್ಷೇಮಸಮಾಚಾರವನ್ನೆಲ್ಲ ಮುಗಿಸಿ ಮುಂದೆ ನಡೆಯುತ್ತಾರೆ, ಎದುರಿಗಿದ್ದವನು ತೆರೆದ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಬೇಕು, ಅಷ್ಟೇ. ಅವರ ಕೈಯಲ್ಲಿ ಮೂರು ವರ್ಷ ಕಲಿತ ನನಗೆ, ಅವರ ಒಂದೇ ಒಂದು ಪ್ರಶ್ನೆಗೂ ಪೂರ್ತಿ ಉತ್ತರ ಹೇಳಿದ ನೆನಪಿಲ್ಲ.

ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ದುಡಿದು ನಿವೃತ್ತರಾದರೂ ಅವರ ದೇಹಕ್ಕೆ ಆ ಆದೇಶ ಇನ್ನೂ ತಲುಪಿದಂತಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹತ್ತು ಹೆಜ್ಜೆ ನಡೆದು, ಗೋಡೆ ಇರಲಿ ಇಲ್ಲದಿರಲಿ ಗಕ್ಕನೆ ತಿರುಗುವ ಆ ನಡಿಗೆ ತರಗತಿಯ ಅಳತೆಯದು. ವೈಶಾಖದ ಬಿಸಿಲಿಗೂ ಜಗ್ಗದ ಕರಿ ಕೋಟು, ಅದರ ಬಲ ಕಿಸೆಯಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಒಗೆಯುವಾಗ ಅದನ್ನು ತೆಗೆದಿಡುವುದೂ ಮತ್ತೆ ಹಾಕುವುದೂ ಹೆಂಡತಿ ಶಂಕ್ರೆವ್ವನವರ ಕೆಲಸ.

ಈ ಕೋಟು ತೊಟ್ಟು ಅವರು ದಿನಾ ಮುಂಜಾನೆ ಒಂಬತ್ತಕ್ಕೆ ಟೀವಿಯ ಮುಂದೆ ಕುರ್ಚಿ ಹಾಕಿಕೊಂಡು ಕೂಡಲು ಆರಂಭಿಸಿದ್ದು ಮೊಮ್ಮಗಳು ಐಶ್ವರ್ಯಳ ದೆಸೆಯಿಂದ. ನಾಲ್ಕು ತುಂಬಿದ ಹುಡುಗಿ. ಓಣಿಯಲ್ಲಿ ಅವಳ ಬಾಯಿಗೆ ಬೀಗವಿಲ್ಲ; ಮುತ್ಯಾ ಬಂದು “ಇದು ಎಷ್ಟು?” ಎಂದರೆ ಮಾತ್ರ ತುಟಿ ಹೊಲಿದಂತೆ ನಿಲ್ಲುತ್ತಾಳೆ. ಅರ್ಧ ಊರಿಗೆ ಅಕ್ಷರ ತಿದ್ದಿಸಿದ ಮನುಷ್ಯನಿಗೆ ಸ್ವಂತ ಮೊಮ್ಮಗಳ ಬಾಯಿಂದ ‘ಒಂದು’ ಎಂಬ ಮಾತು ಹೊರಡಿಸಲಾಗಲಿಲ್ಲ. ಹೊರಗೆ ತೋರಿಸದಿದ್ದರೂ ಅವರು ಇದರಿಂದ ಬಹಳ ನೊಂದಿದ್ದರು. ಅಪರಾಧಿ ಸಿಕ್ಕಿದ್ದು ಟೀವಿಯಲ್ಲಿ: ಕೆಂಪು ಕುಲಾಯಿ ಕಟ್ಟಿಕೊಂಡು, ಹಾರ್ಮೋನಿಯಂ ಬಾರಿಸುತ್ತ, ಎಣಿಕೆ ಬಣ್ಣಗಳನ್ನೆಲ್ಲ ಹಾಡಿ ಕಲಿಸುವ ಒಂದು ಕಾರ್ಟೂನು ಆನೆ.

“ಜೂನದಾಗ ಸಾಲಿಗೆ ಹೋಗೂ ಕೂಸದು. ಒಂದ ತಿಂಗಳ ಈ ಆನೀನ ತಪಾಸಣಿ ಮಾಡತೇನಿ. ಫೇಲಾತಂದ್ರ ವಾಯರ ಕಿತ್ತ ಒಗಿತೇನಿ,” ಎಂದು ಅವರು ಸೊಸೆ ರೇಣುಕಾಳಿಗೆ ಸಾರಿದರು.

ಕೂಸನ್ನು ಆ ಆನೆಯ ಭರವಸೆಗೆ ಬಿಟ್ಟು ರೊಟ್ಟಿ ಬಡಿಯುತ್ತಿದ್ದ ರೇಣುಕಾ, “ಮಾಡ್ರಿ ಮಾವಾರ. ಆದ್ರ ಆಕಿ ಅದರ ಮುಂದ ಬಾಯಿ ಬಿಡತಾಳ, ನಿಮ್ಮ ಮುಂದ ಬಿಡೂದಿಲ್ಲ. ಅದನ್ನೂ ವಹ್ಯಾಗ ಬರಕೊಳ್ರಿ,” ಎಂದಳು.

ಅವರು ಅದನ್ನು ಬರೆದುಕೊಳ್ಳಲಿಲ್ಲ. ಪೇಪರು ಓದುವ ನೆಪದಲ್ಲಿ ದಿನಾ ಅಲ್ಲಿಗೆ ಹೋಗುತ್ತಿದ್ದ ನಾನು, ಆನೆಯ ತಪಾಸಣೆಗೆಂದೇ ಅವರು ಇಟ್ಟಿದ್ದ ಆ ವಹಿಯನ್ನು ಕದ್ದು ಓದಿದ್ದೇನೆ. ಮೊದಲ ದಿನ: ‘ಉಚ್ಚಾರ, ಬೆಂಗಳೂರಿನದು. ಉಡುಪು, ಅಸಮರ್ಪಕ. ಶ್ರುತಿ, ಪರವಾಗಿಲ್ಲ.’ ಭಾನುವಾರ ಕಾರ್ಯಕ್ರಮ ಬರಲಿಲ್ಲ. ಆನೆಗೆ ಗೈರುಹಾಜರಿ ಬಿತ್ತು. ಸೋಮವಾರ ಅದು ಏನೂ ಆಗಿಲ್ಲವೆಂಬಂತೆ ಹಾಡುತ್ತ ಬಂದಾಗ, “ರಜಾ ಚೀಟಿ ಎಲ್ಲೈತಿ?” ಎಂದು ಮಾಸ್ತರರು ನಿಜವಾಗಿಯೂ ಗದರಿದರು.

ಆ ಆನೆಗೆ ಒಂದು ಅಭ್ಯಾಸವಿತ್ತು. ಹಾಡಿನ ನಡುವೆ ಪ್ರಶ್ನೆ ಕೇಳಿ, ಬಾಜಾ ನಿಲ್ಲಿಸಿ, ಮೂರು ಉಸಿರಿನಷ್ಟು ಹೊತ್ತು ಕಿವಿ ಬೀಸುತ್ತ ಸುಮ್ಮನೆ ಕೂಡುತ್ತಿತ್ತು. ಮಕ್ಕಳು ಉತ್ತರ ಹೇಳಲಿ ಎಂದು ಬಿಟ್ಟ ತೆರಪು ಅದು. ಆ ತೆರಪಿನಲ್ಲಿ ನಮ್ಮ ಮಾಸ್ತರರೇ “ನಾಲ್ಕು!” ಎಂದು ಗರ್ಜಿಸುತ್ತಿದ್ದರು. ಐಶ್ವರ್ಯ ತೆರೆದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬಸ್‌ಸ್ಟ್ಯಾಂಡಿನ ನನ್ನದೇ ಮುಖವನ್ನು ನಾನು ಅಲ್ಲಿ ಕಂಡೆ.

ಒಮ್ಮೆ ಮಾತ್ರ ಅವರ ಬಾಯಲ್ಲಿ ಚಹಾ ಇತ್ತು. ತೆರೆಯ ಮೇಲೆ ಮೂರು ಆಡು. ಹುಡುಗಿ ಸಂದು ಸಿಕ್ಕಿತೆಂದು “ಎರಡು!” ಎಂದು ಕೂಗಿದಳು. ಆನೆ ಕುಣಿದು, “ಶಭಾಷ್ ಪುಟಾಣಿ, ಸರಿಯಾದ ಉತ್ತರ!” ಎಂದಿತು. ಮಾಸ್ತರರ ಚಹಾ ಕೋಟಿನ ಮೇಲೆ ಬಿತ್ತು. “ಕೇಳಿಸಿಕೊಳ್ಳಲಾರದನ ಶಭಾಷ್ ಅಂತೈತಿ! ಇದ ಯಾವ ಸೀಮಿ ಮಾಸ್ತರಕಿ?” ನ್ಯಾಯವಾದ ಆಕ್ಷೇಪವೇ.

ತಿಂಗಳ ಕೊನೆಯ ದಿನ ಬಂತು. ವಹಿಯಲ್ಲಿ ಫಲಿತಾಂಶದ ಸಾಲೊಂದೇ ಖಾಲಿ. ವಾಯರು ಕೀಳಲು ಪಕ್ಕಡವೂ ಕುರ್ಚಿಯ ಕೆಳಗೆ ಸಿದ್ಧವಾಗಿತ್ತು. ಆನೆ ಅಂದು ಐದು ಬದನೆಕಾಯಿಗಳನ್ನು ಬುಟ್ಟಿಗೆ ಹಾಕಿ, “ಬುಟ್ಟಿಯಲ್ಲಿ ಎಷ್ಟು ಬದನೆಕಾಯಿ?” ಎಂದು ರಾಗವಾಗಿ ಕೇಳಿತು. ಅಷ್ಟರಲ್ಲಿ ಕರೆಂಟು ಹೋಯಿತು. ಐಶ್ವರ್ಯ ಕಪ್ಪಾದ ಟೀವಿಯನ್ನೇ ನೋಡುತ್ತ ಕಣ್ಣು ತುಂಬಿಕೊಂಡಳು. ಉತ್ತರ ಬಾಯಲ್ಲಿತ್ತು, ಕೇಳುವವರಿರಲಿಲ್ಲ. ಮಾಸ್ತರರು ‘ಐದು’ ಎನ್ನಲು ಬಾಯಿ ತೆರೆದರು.

ಬಾಗಿಲಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಶಂಕ್ರೆವ್ವ ತಲೆಯೆತ್ತದೆ ಹೇಳಿದರು: “ಅಮಾಸಿ ಭಜನ್ಯಾಗ ಒಂದ ನುಡಿ ಹಾಡಿ ಹಿಮ್ಮ್ಯಾಳದವ್ರಿಗೆ ಬಿಡತೀರಲ್ರಿ? ಕೂಸಿಗೂ ಒಂದೀಟ ಬಿಡ್ರಿ.”

ಭಜನೆಯಲ್ಲಿ ಮಾಸ್ತರರದೇ ಮುಂದಾಳತ್ವ. ನುಡಿ ಹಾಡಿ ತಾಳ ತಡೆದು, ಹತ್ತು ಕಂಠಗಳು ಅದನ್ನು ಎತ್ತಿಕೊಳ್ಳುವವರೆಗೆ ಕಣ್ಣುಮುಚ್ಚಿ ನಿಲ್ಲುವುದನ್ನು ಊರೆಲ್ಲ ನೋಡಿದೆ. ಅವರು ತೆರೆದ ಬಾಯಿ ಮುಚ್ಚಿದರು. ಎದ್ದು ಗೋಡೆಯ ಮಾಡದಲ್ಲಿದ್ದ ತಾಳ ತಂದು, ಟೀವಿಗೆ ಬೆನ್ನು ಹಾಕಿ ನಿಂತು, “ಬುಟ್ಟಿಯೊಳಗ ಬದನಿಕಾಯಿ ಎಷ್ಟವ್ವಾ?” ಎಂದು ಹಾಡಿ, ತಾಳ ತಡೆದು ನಿಂತರು.

ಅಷ್ಟು ಕಷ್ಟಪಟ್ಟು ಸುಮ್ಮನಿದ್ದ ಮನುಷ್ಯನನ್ನು ನಾನು ಕಂಡಿಲ್ಲ. ಕೊರಳ ನರ ಉಬ್ಬಿತು, ಕೆಳತುಟಿ ಎರಡು ಸಲ ‘ಐ’ ಎಂದು ಅರಳಿ ಮತ್ತೆ ಮುದುಡಿತು. ಹುಡುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿ, “ಮುತ್ಯಾ, ಕಿವಿ?” ಎಂದಳು.

ಮಾಸ್ತರರು ತಾಳ ಕೆಳಗಿಟ್ಟರು. ಕರಿ ಕೋಟಿನ ಎರಡೂ ತೋಳೆತ್ತಿ, ಎರಡೂ ಕಿವಿ ಹಿಡಿದು, ಗಂಭೀರವಾಗಿ ಬೀಸತೊಡಗಿದರು.

“ಏಳು!” ಎಂದಳು ಐಶ್ವರ್ಯ.

ಮೂವತ್ತಾರು ವರ್ಷ ಒಂದು ತಪ್ಪನ್ನೂ ಬಿಡದ ಮನುಷ್ಯ. ಆದರೆ ಅವರು ಬೈಯಲಿಲ್ಲ, “ಹೆಂಗವ್ವಾ?” ಎಂದರು. ಹುಡುಗಿ ಬಾಗಿಲಲ್ಲಿದ್ದ ಆಯಿ ಶಂಕ್ರೆವ್ವನ ಬುಟ್ಟಿಯತ್ತ ಬೆರಳು ಮಾಡಿದಳು. ಮಾಸ್ತರರು ಮಂಡಿಯೂರಿ ಎಣಿಸಿದರು. ಏಳು ಬದನೆಕಾಯಿ. “ಶಭಾಷ್,” ಎಂದರು. ಕೋಟಿನ ತೋಳಿನಿಂದ ಮೂಗೊರೆಸಿಕೊಂಡು ವಹಿಯಲ್ಲಿ ಬರೆದರು: ‘ಆನೆ. ಕಾಯುವುದು, ಉತ್ತಮ. ಕೇಳುವುದು, ಸೊನ್ನೆ. ಪಾಸು.’ ಕೆಳಗೆ ಇನ್ನೊಂದು ಸಾಲು: ‘ಬಸಂತರಾಯ. ಮರುಪರೀಕ್ಷೆಗೆ ಕೂಡತಕ್ಕದ್ದು.’ ಪಕ್ಕಡವನ್ನು ರೇಣುಕಾ ಆಗಲೇ ಎತ್ತಿಟ್ಟಿದ್ದಳು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. “ಹೆಂಗದಿ?” ಎಂದು ಕೇಳಿ, ಸುಮ್ಮನೆ ನಿಂತರು. ನಾನು ಗಾಬರಿಯಾದೆ, ಇಷ್ಟು ವರ್ಷ ಆ ಉತ್ತರವನ್ನು ಅವರೇ ಹೇಳುತ್ತಿದ್ದುದರಿಂದ ನನ್ನ ಬಳಿ ಒಂದೂ ಸಿದ್ಧವಿರಲಿಲ್ಲ. ಅವರ ಕೈಗಳು ಮೆಲ್ಲಗೆ ಕಿವಿಯತ್ತ ಏರತೊಡಗಿದವು. “ಆರಾಮ ಅದೇನಿ ಸರ್ರ,” ಎಂದುಬಿಟ್ಟೆ.

ನಮ್ಮ ಕಡೆಯ ಹಳೆಯ ಮಾಸ್ತರರೆಲ್ಲ ಬಹುಶಃ ಇದೇ ಜಾತಿಯವರು. ಅರವತ್ತು ಮಕ್ಕಳು, ನಲವತ್ತು ನಿಮಿಷ, ಮುಗಿಯದ ಪಾಠ. ನಾವು ಹಿಂದೆ ಬೀಳಬಾರದೆಂಬ ಆತುರದಲ್ಲಿ ಅವರು ನಮ್ಮ ಉತ್ತರಗಳನ್ನೂ ತಾವೇ ಹೊತ್ತುಕೊಂಡು ಓಡಿದರು. ಅದರಲ್ಲಿ ಪ್ರೀತಿ ಇತ್ತು, ಬಿಡುವು ಇರಲಿಲ್ಲ. ಅಂಥವರು ಒಮ್ಮೆ ನಿಂತು ಕೇಳಿದರೆ, ಕೂಸು ಹೇಳುವ ಉತ್ತರ ಅವರ ಪುಸ್ತಕದಲ್ಲಿರುವುದಕ್ಕಿಂತ ಎರಡು ಹೆಚ್ಚೇ ಇರುತ್ತದೆ.